ಸುಟ್ಟುಹೋದ ವರ್ಕ್‌ಶಾಪಿಗೆ ಸರ್ಕಾರದ ಸಬ್ಸಿಡಿ ಸಿಗುತ್ತದೆಯೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ತಂದೆಯವರು ಆರಂಭಿಸಿದ ಮಷಿನ್ ಶಾಪ್ ಇದೆ. ಫೌಂಡ್ರಿಗಳಿಂದ ಬರುವ ಪಂಪು, ವಾಲ್ವುಗಳ ಕಾಸ್ಟಿಂಗ್‌ಗಳನ್ನು ಮಷಿನಿಂಗ್ ಮಾಡಿಕೊಡುತ್ತೇವೆ. 26 ಜನ ಕೆಲಸಗಾರರಿದ್ದಾರೆ, ಎಲ್ಲರಿಗೂ ಪಿಎಫ್ ಕಟ್ಟುತ್ತೇವೆ. ವರ್ಷದ ವಹಿವಾಟು ಸುಮಾರು ಮೂರೂವರೆ ಕೋಟಿ ರೂಪಾಯಿ. ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಬಿದ್ದು ನಾಲ್ಕು ಲೇತ್‌ಗಳೂ ಪ್ಯಾನಲ್ ಬೋರ್ಡೂ ಸುಟ್ಟವು. ಹಾನಿ 30 ಲಕ್ಷ, ವಿಮೆಯಿಂದ ಬಂದದ್ದು 11 ಲಕ್ಷ. ಈಗ ಶಾಪನ್ನು ಮತ್ತೆ ಕಟ್ಟಿ, 60 ಲಕ್ಷದಲ್ಲಿ ಎರಡು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಷಿನಿಂಗ್) ಯಂತ್ರ ಹಾಕಿ, ಇನ್ನೂ 8 ಜನರನ್ನು ತೆಗೆದುಕೊಳ್ಳುವ ಯೋಚನೆಯಿದೆ. ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕಿದರೆ ಶೇ 35ರಷ್ಟು ಸಬ್ಸಿಡಿ ಮಾಡಿಸಿಕೊಡುತ್ತೇನೆಂದು ಒಬ್ಬ ಏಜೆಂಟರು ಹೇಳುತ್ತಿದ್ದಾರೆ. ಮಷಿನ್ ಡೀಲರ್ ಈ ತಿಂಗಳೊಳಗೆ ಅಡ್ವಾನ್ಸ್ ಕೊಟ್ಟರೆ ಎರಡು ಲಕ್ಷ ಕಡಿಮೆ ಮಾಡುತ್ತೇನೆ ಎನ್ನುತ್ತಾರೆ. ಗಿರಾಕಿಗಳಿಂದ 40 ಲಕ್ಷ ಬರಬೇಕಿದೆ, ಬ್ಯಾಂಕಿನ ಎರಡು ಕಂತು ಬಾಕಿಯಿದೆ. ನಮ್ಮಂಥವರಿಗೆ ಸರ್ಕಾರದಿಂದ ನಿಜವಾಗಿ ಏನು ಸಿಗುತ್ತದೆ? ಅಥವಾ ಇದೆಲ್ಲ ದೊಡ್ಡ ಕಂಪನಿಗಳಿಗೆ ಮಾತ್ರವೇ?

ಉತ್ತರ: ತಮ್ಮ ಪತ್ರದಲ್ಲಿ ಮೂರು ಕೆಲಸಗಳು ಒಂದೇ ವಾಕ್ಯದಲ್ಲಿ ಸೇರಿಕೊಂಡಿವೆ: ಸುಟ್ಟದ್ದನ್ನು ಮತ್ತೆ ಕಟ್ಟುವುದು, ಹೊಸ ಯಂತ್ರ ಹಾಕಿ ಶಾಪನ್ನು ಬೆಳೆಸುವುದು, ಹೊಸಬರಿಗೆ ಕೆಲಸ ಕೊಡುವುದು. ತಮಗೆ ಇದು ಒಂದೇ ಸಂಕಲ್ಪ. ಸರ್ಕಾರಕ್ಕೆ ಮಾತ್ರ ಇವು ಮೂರು ಬೇರೆ ಬೇರೆ ಖಾತೆಗಳು. ಒಂದೊಂದಕ್ಕೂ ಬೇರೆ ಕಚೇರಿ, ಬೇರೆ ಅರ್ಜಿ, ಎಲ್ಲಕ್ಕಿಂತ ಮುಖ್ಯವಾಗಿ ಬೇರೆ ದಿನಾಂಕದ ಲೆಕ್ಕವಿದೆ. ಸಹಾಯಧನ ಕೈತಪ್ಪಿದ ಪ್ರಕರಣಗಳಲ್ಲಿ ನಾನು ಕಂಡಿರುವ ಹೆಚ್ಚಿನವು ಅರ್ಹತೆಯಿಲ್ಲದೆ ತಪ್ಪಿದವಲ್ಲ, ದಿನಾಂಕಗಳು ಹಿಂದುಮುಂದಾಗಿ ತಪ್ಪಿದವು.

ಮೊದಲು ಬೆಂಕಿಯ ವಿಷಯ. ಪ್ರವಾಹ ಅಥವಾ ಭೂಕಂಪದಂಥ ವಿಪತ್ತನ್ನು ಸರ್ಕಾರ ಘೋಷಿಸಿದಾಗ ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ ಸಭೆ ಸೇರಿ, ಆ ಪ್ರದೇಶದ ಸಾಲಗಳ ಮರುಹೊಂದಾಣಿಕೆಗೆ ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯಂತೆ ದಾರಿ ಮಾಡಿಕೊಡುತ್ತದೆ. ಒಂದೇ ಶಾಪಿಗೆ ಬಿದ್ದ ಬೆಂಕಿ ಆ ವ್ಯಾಪ್ತಿಗೆ ಬರುವುದಿಲ್ಲ. ಸುಟ್ಟ ಲೇತ್‌ನ ಜಾಗದಲ್ಲಿ ಅಂಥದೇ ಲೇತ್ ತಂದಿಟ್ಟರೆ ಅದನ್ನು ಯಾವ ಕೈಗಾರಿಕಾ ನೀತಿಯೂ ‘ವಿಸ್ತರಣೆ’ ಎಂದು ಗಣಿಸುವುದಿಲ್ಲ, ಏಕೆಂದರೆ ಅಲ್ಲಿ ಉತ್ಪಾದನಾ ಸಾಮರ್ಥ್ಯ ಮೊದಲಿದ್ದಷ್ಟೇ ಇರುತ್ತದೆ. ಹಾಗಾಗಿ ಪುನರ್ನಿರ್ಮಾಣದ ಹಣ ಬರಬೇಕಾದದ್ದು ವಿಮೆಯಿಂದ, ಕೊರತೆ ತುಂಬಬೇಕಾದದ್ದು ಬ್ಯಾಂಕಿನಿಂದ.

ವಿಮಾ ಕಂಪನಿ ಮೋಸ ಮಾಡಿತೆಂದು ತಮಗೆ ಅನ್ನಿಸಿರಬಹುದು. ಪಾಲಿಸಿಯನ್ನು ಒಮ್ಮೆ ತೆರೆದು ವಿಮಾ ಮೊತ್ತ ಎಷ್ಟಿದೆ ನೋಡಿ. 55 ಲಕ್ಷ ಬೆಲೆಯ ಯಂತ್ರಗಳನ್ನು 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 30 ಲಕ್ಷದ ಹಾನಿಗೆ, ನಷ್ಟ ಅಳೆಯಲು ಬರುವ ವಿಮಾ ಸರ್ವೇಯರ್ 20ನ್ನು 55ರಿಂದ ಭಾಗಿಸಿದ ಪ್ರಮಾಣದಲ್ಲೇ ಪರಿಹಾರ ಲೆಕ್ಕ ಹಾಕುತ್ತಾರೆ. ಅದು ಬಂದು ನಿಲ್ಲುವುದು 11 ಲಕ್ಷದ ಹತ್ತಿರವೇ. ಪ್ರೀಮಿಯಂ ಉಳಿಸಲೆಂದು, ಅಥವಾ ಬ್ಯಾಂಕಿನ ಸಾಲದಷ್ಟಕ್ಕೆ ಸಾಕೆಂದು, ನಮ್ಮ ಸಣ್ಣ ಶಾಪುಗಳಲ್ಲಿ ಹೀಗೆ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸುವುದು ರೂಢಿಯಾಗಿಬಿಟ್ಟಿದೆ. 2021ರ ಏಪ್ರಿಲ್‌ನಿಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಪ್ರಮಾಣಿತ ಪಾಲಿಸಿ ಜಾರಿಯಲ್ಲಿದೆ. ಒಂದೇ ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಇದು ಅನ್ವಯಿಸುತ್ತದೆ ಮತ್ತು ವಿಮಾ ಮೊತ್ತದ ಕೊರತೆ ಶೇ 15ರೊಳಗಿದ್ದರೆ ಇಂಥ ಕಡಿತ ಮಾಡುವುದಿಲ್ಲ. ಹೊಸ ಯಂತ್ರಗಳು ಬಂದ ದಿನವೇ ಅವುಗಳ ಪೂರ್ಣ ಬೆಲೆಗೆ ಇದನ್ನು ಮಾಡಿಸಿಕೊಳ್ಳಿ. ಸುಟ್ಟುಹೋದ ಸರಕಿನ ಮೇಲೆ ಪಡೆದಿದ್ದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟನ್ನು ಹಿಂದಿರುಗಿಸಬೇಕಾಗುತ್ತದೆ ಎಂಬುದನ್ನೂ ತಮ್ಮ ಲೆಕ್ಕಪರಿಶೋಧಕರಿಗೆ ನೆನಪಿಸಿ. ಇದನ್ನು ಮರೆತವರಿಗೆ ಒಂದೆರಡು ವರ್ಷ ಕಳೆದ ಮೇಲೆ ಬಡ್ಡಿಸಹಿತ ನೋಟಿಸು ಬರುತ್ತದೆ.

ಬ್ಯಾಂಕಿನ ವಿಷಯ ತಮ್ಮ ಪತ್ರದಲ್ಲಿ ಕೊನೆಗೆ ಬಂದಿದೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ತುರ್ತಿನದು. ಕಂತು ಕಟ್ಟದೆ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಖಾತೆ, ಆಗುತ್ತದೆ, ಆಮೇಲೆ ಹೊಸ ಸಾಲದ ಮಾತೇ ಇರುವುದಿಲ್ಲ. ಕೇಂದ್ರ ಸರ್ಕಾರ 2015ರ ಮೇ ತಿಂಗಳಲ್ಲಿ ಸಂಕಷ್ಟದಲ್ಲಿರುವ ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆಂದೇ ಒಂದು ಚೌಕಟ್ಟನ್ನು ಅಧಿಸೂಚನೆಯ ಮೂಲಕ ಹೊರಡಿಸಿದೆ. ಒಟ್ಟು ಸಾಲ 25 ಕೋಟಿ ರೂಪಾಯಿ ಮೀರದ ಘಟಕಗಳಿಗೆ ಇದು ಅನ್ವಯಿಸುತ್ತದೆ. ಬ್ಯಾಂಕ್ ತಾನಾಗಿ ಕರೆಯಲಿ ಎಂದು ಕಾಯಬೇಕಿಲ್ಲ, ಉದ್ಯಮಿಯೇ ಮುಂದಾಗಿ ಅರ್ಜಿ ಕೊಡಬಹುದು. 10 ಲಕ್ಷಕ್ಕಿಂತ ಹೆಚ್ಚಿನ ಸಾಲವಾದರೆ ಬ್ಯಾಂಕಿನ ಸಮಿತಿಯೊಂದು ಅದನ್ನು ಪರಿಶೀಲಿಸಿ, ಕಂತುಗಳನ್ನು ಮುಂದಕ್ಕೆ ಹಾಕುವುದೋ ಸಾಲವನ್ನು ಮರುಹೊಂದಿಸುವುದೋ ಎಂದು ತೀರ್ಮಾನಿಸಬೇಕಾಗುತ್ತದೆ. ಈ ಚೌಕಟ್ಟು ಬ್ಯಾಂಕುಗಳನ್ನು ಕಟ್ಟಿಹಾಕುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿತು. ಅದರ ಜೊತೆಗೇ, ಖಾತೆ ಎನ್‌ಪಿಎ ಆಗುವ ಮೊದಲೇ ಉದ್ಯಮಿಯು ತಾನು ಸಣ್ಣ ಉದ್ಯಮವೆಂಬ ದಾಖಲೆಯನ್ನು ಬ್ಯಾಂಕಿನ ಮುಂದಿಡಬೇಕೆಂದೂ ಹೇಳಿತು. ಎರಡು ಕಂತು ಬಾಕಿಯಿರುವ ತಮಗೆ ಉಳಿದಿರುವುದು ಕೆಲವೇ ವಾರ. ಬೆಂಕಿಯ ಪಂಚನಾಮೆ, ಅಗ್ನಿಶಾಮಕ ದಳದ ವರದಿ, ಸರ್ವೇಯರ್ ವರದಿ, ಸಣ್ಣ ಉದ್ಯಮವೆಂದು ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪ್ರಮಾಣಪತ್ರ ಇಷ್ಟನ್ನು ಲಗತ್ತಿಸಿ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಮ್ಯಾನೇಜರರ ಹತ್ತಿರ ಬಾಯಿಮಾತಿನಲ್ಲಿ ಹೇಳಿ ಬಂದದ್ದು ಅವರ ವರ್ಗಾವಣೆಯ ಜೊತೆಗೇ ಹೋಗಿಬಿಡುತ್ತದೆ.

ಇನ್ನು ಎರಡು ವಿಎಂಸಿ ಯಂತ್ರಗಳು. ಇಲ್ಲಿ ತಾವು ನಿಜವಾಗಿಯೂ ಸಾಮರ್ಥ್ಯ ಹೆಚ್ಚಿಸುತ್ತಿದ್ದೀರಿ, ಆದ್ದರಿಂದ ರಾಜ್ಯದ ಕೈಗಾರಿಕಾ ನೀತಿಯ ಬಂಡವಾಳ ಸಹಾಯಧನವನ್ನು ಕೇಳಲು ಅವಕಾಶವಿದೆ. 2025ರ ಫೆಬ್ರುವರಿಯಲ್ಲಿ ಬಿಡುಗಡೆಯಾದ 2025-30ರ ನೀತಿಯು ಐದು ವರ್ಷಗಳಲ್ಲಿ 7.5 ಲಕ್ಷ ಕೋಟಿ ರೂಪಾಯಿ ಹೂಡಿಕೆ ಮತ್ತು 20 ಲಕ್ಷ ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳು ಮೂರನೆಯ ವಲಯದಲ್ಲಿವೆ, ಉಳಿದ ತಾಲ್ಲೂಕುಗಳು ಒಂದು ಮತ್ತು ಎರಡನೆಯ ವಲಯಗಳಲ್ಲಿ ಹಂಚಿಕೆಯಾಗಿವೆ. ಸಹಾಯಧನದ ಪ್ರಮಾಣ ತಾಲ್ಲೂಕಿನ ವಲಯವನ್ನೂ ಘಟಕದ ಗಾತ್ರವನ್ನೂ ಅವಲಂಬಿಸುತ್ತದೆ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕ ‘ಸೂಕ್ಷ್ಮ’ ವರ್ಗದ್ದು. ವಿಎಂಸಿಗಳು ಬಂದ ಮೇಲೂ ತಾವು ಅದೇ ವರ್ಗದಲ್ಲಿ ಉಳಿಯುತ್ತೀರಿ.

ವಿಸ್ತರಣೆ ಎಂದು ಒಪ್ಪಿಸಬೇಕಾದರೆ ಹೊಸ ಹೂಡಿಕೆಯು ಹಳೆಯ ಸ್ಥಿರಾಸ್ತಿಯ ನಿಗದಿತ ಶೇಕಡಾವಾರನ್ನು ದಾಟಬೇಕು. ಆದ್ದರಿಂದ ಸುಟ್ಟ ಲೇತ್‌ಗಳ ಬದಲಿ ಬಿಲ್ಲುಗಳನ್ನೂ ವಿಎಂಸಿ ಬಿಲ್ಲುಗಳನ್ನೂ ಬೇರೆ ಬೇರೆ ಇಡಿ, ಲೆಕ್ಕದ ಪುಸ್ತಕದಲ್ಲೂ ಬೇರೆ ತಲೆಬರಹದಡಿ ಬರೆಸಿ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸಿದರೆ ಕಡತ ನೋಡುವ ಅಧಿಕಾರಿಗೆ ಇಡೀ ಖರೀದಿಯೇ ಬದಲಿಯಂತೆ ಕಾಣುತ್ತದೆ. ಬಳಸಿದ ಹಳೆಯ ಯಂತ್ರ ತಂದರೆ ಅದಕ್ಕೆ ಸಹಾಯಧನವಿಲ್ಲ.

ನಾನು ವರದಿ ತಯಾರಿಸಿಕೊಟ್ಟಿದ್ದ ಘಟಕವೊಂದರಲ್ಲಿ ಮಾಲೀಕರು ವಸ್ತುಪ್ರದರ್ಶನವೊಂದಕ್ಕೆ ಹೋಗಿ, ರಿಯಾಯಿತಿಯ ಆಸೆಗೆ ಅಲ್ಲೇ ಯಂತ್ರದ ಪೂರ್ತಿ ಹಣ ಕೊಟ್ಟು ಬಂದರು. ಸಾಲ ಮಂಜೂರಾದದ್ದು ಐದು ವಾರಗಳ ಆಮೇಲೆ. ಯಂತ್ರ ಒಳ್ಳೆಯದು, ಕೆಲಸವೂ ಚೆನ್ನಾಗಿ ನಡೆಯಿತು. ಸಹಾಯಧನದ ಕಡತದಲ್ಲಿ ಮಾತ್ರ ಬಿಲ್ಲಿನ ದಿನಾಂಕದ ಸುತ್ತ ಕೆಂಪು ಶಾಯಿಯ ಒಂದು ಸೊನ್ನೆ ಬಿತ್ತು, ಕಡತ ಮತ್ತೆ ಮೇಲೇಳಲಿಲ್ಲ. ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಯೋಜನೆಯ ನೋಂದಣಿ ಮತ್ತು ಅನುಮೋದನೆ, ಆಮೇಲೆ ಸಾಲದ ಮಂಜೂರಾತಿ, ಆಮೇಲೆ ಖರೀದಿ, ಆಮೇಲೆ ಉತ್ಪಾದನೆಯ ಆರಂಭ, ಎಲ್ಲಕ್ಕೂ ಕೊನೆಯಲ್ಲಿ ನಿಗದಿತ ಅವಧಿಯೊಳಗೆ ಸಹಾಯಧನದ ಅರ್ಜಿ. ಈ ಸಾಲನ್ನು ದಾಟಬೇಡಿ. 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯೇ ಅನುಮೋದನೆ ಕೊಡುತ್ತದೆ, ತಾವು ಬೆಂಗಳೂರಿಗೆ ಓಡಾಡಬೇಕಾಗಿಲ್ಲ.

ತಂದೆಯವರ ಕಾಲದ ಶಾಪು ಎಂದಿದ್ದೀರಿ, ಅದರಿಂದ ಇನ್ನೊಂದು ಎಚ್ಚರಿಕೆ. ಶೆಡ್ಡಿನ ಕ್ರಯಪತ್ರ ಅಥವಾ ಲೀಸ್ ಕಮ್ ಸೇಲ್ ಕರಾರು ತಂದೆಯವರ ಹೆಸರಿನಲ್ಲಿ, ಹೆಸ್ಕಾಂ ಮೀಟರಿನ ಆರ್‌ಆರ್ ನಂಬರು ಯಾವತ್ತೋ ಮುಚ್ಚಿದ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ಮತ್ತು ಉದ್ಯಮ್ ನೋಂದಣಿ ಮಗನ ಹೆಸರಿನಲ್ಲಿ, ಸಾಲ ಮತ್ತೊಂದು ಹೆಸರಿನಲ್ಲಿ, ಹೀಗಿರುವ ಕಡತಗಳನ್ನು ಎಷ್ಟೋ ನೋಡಿದ್ದೇನೆ. ಮನೆಯವರಿಗೆಲ್ಲ ಇದು ಒಂದೇ ಶಾಪು. ಕಾಗದದ ಮೇಲೆ ಅದು ನಾಲ್ಕು ಬೇರೆ ಬೇರೆ ಜನರದ್ದು. ಹೆಸರು ಬದಲಾವಣೆಗೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಈ ಕೆಲಸವನ್ನು ಮೊದಲೇ ಆರಂಭಿಸಿ. ಎರಡು ವಿಎಂಸಿಗೆ ಬೇಕಾಗುವ ಹೆಚ್ಚುವರಿ ವಿದ್ಯುತ್ ಲೋಡ್ ಮಂಜೂರಾತಿಯನ್ನೂ ಜೊತೆಗೇ ಕೇಳಿ.

ಏಜೆಂಟರು ಹೇಳಿದ ಶೇ 35 ಸುಳ್ಳಲ್ಲ, ಆದರೆ ಅದು ತಮ್ಮದಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರು ಗ್ರಾಮೀಣ ಪ್ರದೇಶದಲ್ಲಿ ಹೊಸ ಘಟಕ ಹಾಕಿದರೆ ಶೇ 35, ನಗರದಲ್ಲಾದರೆ ಶೇ 25ರಷ್ಟು ಸಹಾಯಧನವಿದೆ. ತಯಾರಿಕಾ ಘಟಕಕ್ಕೆ ಯೋಜನಾ ವೆಚ್ಚದ ಮಿತಿ 50 ಲಕ್ಷ ರೂಪಾಯಿ. ಉದ್ಯಮಬಾಗ ನಗರ ಪ್ರದೇಶ, ಮೊದಲ ತಪ್ಪು ಅಲ್ಲೇ ಇದೆ. ಎರಡನೆಯದಾಗಿ, ಈ ಯೋಜನೆ ಹೊಸ ಘಟಕಗಳಿಗೆ ಮಾತ್ರ. ಮೊದಲೇ ಈ ಯೋಜನೆಯಡಿ ಅಥವಾ ಮುದ್ರಾದಲ್ಲಿ ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ ಎರಡನೆಯ ಸಾಲದ ಬೇರೆ ವ್ಯವಸ್ಥೆಯಿದೆ, ಅಲ್ಲಿ ಮಿತಿ ಒಂದು ಕೋಟಿ, ಸಹಾಯಧನ ಶೇ 15. ಮೂರನೆಯದಾಗಿ, ಆ ಹಣ ತಕ್ಷಣ ಕೈಗೆ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ ಅಷ್ಟೇ. ಆ ಅವಧಿಯಲ್ಲಿ ಘಟಕಕ್ಕೆ ಭೇಟಿ ನೀಡಿ ಭೌತಿಕ ಪರಿಶೀಲನೆ ನಡೆಸುತ್ತಾರೆ. ತಮ್ಮ ಶೆಡ್ಡಿನೊಳಗೇ ಸುಣ್ಣದ ಗೆರೆ ಎಳೆದು ‘ಆ ಕಡೆ ನನ್ನ ಹೆಂಡತಿಯದು’ ಎಂದರೆ ಬಂದ ಅಧಿಕಾರಿ ನಂಬುವುದಿಲ್ಲ, ನಂಬಲೂಬಾರದು. ತಮ್ಮ ಶ್ರೀಮತಿಯವರಿಗೆ ಸ್ವತಃ ನಡೆಸುವ ಮನಸ್ಸಿದ್ದು, ಹಳ್ಳಿಯ ಕಡೆ ಬೇರೆ ಜಾಗದಲ್ಲಿ ಬೇರೆ ಕೆಲಸ ಆರಂಭಿಸುವುದಾದರೆ, ಉದಾಹರಣೆಗೆ ವಾಲ್ವುಗಳನ್ನು ಕಳಿಸುವ ಮರದ ಪೆಟ್ಟಿಗೆಗಳ ಘಟಕ, ಆಗ ಅದು ಧರ್ಮವಾದ ಅರ್ಜಿ. ಆದರೆ ಯೋಜನೆ 2025-26ರ ಅಂತ್ಯದವರೆಗೆ ಮಂಜೂರಾದದ್ದು, ಅರ್ಜಿಗೆ ಮುನ್ನ ಅದರ ಅವಧಿಯನ್ನು ವಿಚಾರಿಸಿಕೊಳ್ಳಿ.

ತಂತ್ರಜ್ಞಾನ ಉನ್ನತೀಕರಣಕ್ಕೆ ಒಂದು ಕೋಟಿವರೆಗಿನ ಯಂತ್ರಕ್ಕೆ ಶೇ 15 ಕೊಡುತ್ತಿದ್ದ ಕೇಂದ್ರದ ಹಳೆಯ ಯೋಜನೆಯ ಹೆಸರನ್ನೂ ಏಜೆಂಟರು ಹೇಳಬಹುದು. ಸಾಮಾನ್ಯ ವರ್ಗದವರಿಗೆ ಅದು 2020ರ ಮಾರ್ಚ್‌ಗೇ ಮುಗಿಯಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಉದ್ಯಮಿಗಳಿಗೆ ಮಾತ್ರ ಶೇ 25ರ, ಗರಿಷ್ಠ 25 ಲಕ್ಷದ ಪ್ರತ್ಯೇಕ ಯೋಜನೆಯಾಗಿ ಮುಂದುವರಿಯಿತು.

ಸಹಾಯಧನದ ಶೇಕಡಾವಾರಿಗಿಂತ ತಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಸಾಲದ ಖಾತರಿ ಎಂದು ನನ್ನ ಅಭಿಪ್ರಾಯ. ಅಡಮಾನವಿಲ್ಲದ ಸಣ್ಣ ಉದ್ಯಮ ಸಾಲಗಳಿಗೆ ಬ್ಯಾಂಕಿಗೆ ಖಾತರಿ ನಿಲ್ಲುವ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟಿನ ಖಾತರಿ ಮಿತಿಯನ್ನು 2023ರಲ್ಲಿ 2 ಕೋಟಿಯಿಂದ 5 ಕೋಟಿಗೆ, 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿಗೆ ಏರಿಸಲಾಗಿದೆ. 60 ಲಕ್ಷದ ಯಂತ್ರಸಾಲಕ್ಕೆ ಊರಿನ ಮನೆಯನ್ನೋ ಹೊಲವನ್ನೋ ಅಡವಿಡುವ ಅಗತ್ಯ ಇದರಿಂದ ತಪ್ಪಬಹುದು. ಖಾತರಿ ಶುಲ್ಕವನ್ನು ಸಾಮಾನ್ಯವಾಗಿ ಸಾಲಗಾರರೇ ಭರಿಸಬೇಕಾಗುತ್ತದೆ. ಒಂದು ಮಾತು ನೆನಪಿರಲಿ, ಖಾತರಿ ಬ್ಯಾಂಕಿಗೆ ಹೊರತು ತಮಗಲ್ಲ. ಸಾಲ ತೀರದಿದ್ದರೆ ತಮ್ಮ ಹೊಣೆ ಹಾಗೆಯೇ ಉಳಿಯುತ್ತದೆ.

ಎಂಟು ಜನರ ನೇಮಕಕ್ಕೆ ಬಂದರೆ, ಕೇಂದ್ರ ಸಚಿವ ಸಂಪುಟ 2025ರ ಜುಲೈ 1ರಂದು ಒಪ್ಪಿಗೆ ಕೊಟ್ಟ ಉದ್ಯೋಗ ಸಂಬಂಧಿತ ಪ್ರೋತ್ಸಾಹ ಯೋಜನೆ, ಈಗಿನ ಹೆಸರಿನಲ್ಲಿ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ, ತಮಗೆ ನೇರವಾಗಿ ಹೊಂದುತ್ತದೆ. ಇದಕ್ಕೆ ಮೀಸಲಿಟ್ಟ ಹಣ 99,446 ಕೋಟಿ ರೂಪಾಯಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಸೃಷ್ಟಿಯಾದ ಉದ್ಯೋಗಗಳಿಗೆ ಅನ್ವಯ. 50ಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ತೆಗೆದುಕೊಂಡು, ಅವರನ್ನು ಕನಿಷ್ಠ ಆರು ತಿಂಗಳು ಉಳಿಸಿಕೊಳ್ಳಬೇಕು. ಪಿಎಫ್ ಲೆಕ್ಕದ ವೇತನ 10,000 ರೂಪಾಯಿ ಮೀರಿ 20,000ದೊಳಗಿದ್ದರೆ ತಲಾ ತಿಂಗಳಿಗೆ 2,000, ಅದಕ್ಕೂ ಮೇಲೆ ಒಂದು ಲಕ್ಷದವರೆಗೆ 3,000, ಹತ್ತು ಸಾವಿರದೊಳಗಾದರೆ ಹೆಚ್ಚೆಂದರೆ 1,000 ರೂಪಾಯಿ ಮಾಲೀಕರಿಗೆ ಸಿಗುತ್ತದೆ. ಎಲ್ಲ ಕ್ಷೇತ್ರಗಳಿಗೂ ಇದು ಎರಡು ವರ್ಷ, ತಯಾರಿಕಾ ಕ್ಷೇತ್ರಕ್ಕೆ ನಾಲ್ಕು ವರ್ಷ. ಮೊದಲ ಬಾರಿಗೆ ಪಿಎಫ್ ಸೇರುವ ಕಾರ್ಮಿಕನಿಗೂ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತುಗಳಲ್ಲಿ ಬರುತ್ತದೆ.

ತಮ್ಮ ಲೆಕ್ಕ ಹಾಕೋಣ. ಎಂಟು ಜನರಿಗೂ ಪಿಎಫ್ ಲೆಕ್ಕದ ವೇತನ 15,000 ಇದ್ದರೆ ತಿಂಗಳಿಗೆ 16,000, ವರ್ಷಕ್ಕೆ 1,92,000, ನಾಲ್ಕು ವರ್ಷಕ್ಕೆ 7,68,000 ರೂಪಾಯಿ. ಇದೇ 15,000ದ ಮೇಲೆ ಮಾಲೀಕರ ಪಾಲಿನ ಪಿಎಫ್, ಅದರ ಜೊತೆಗಿನ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ 13, ಅಂದರೆ 1,950 ರೂಪಾಯಿ. ಒಬ್ಬರನ್ನು ಕಾನೂನುಬದ್ಧವಾಗಿ ಪುಸ್ತಕಕ್ಕೆ ಹತ್ತಿಸುವ ಖರ್ಚನ್ನು ಸರ್ಕಾರ ನಾಲ್ಕು ವರ್ಷ ಹೆಚ್ಚುಕಡಿಮೆ ತಾನೇ ಹೊರುತ್ತಿದೆ ಎಂದಾಯಿತು. ಪಿಎಫ್ ಉಳಿಸಲೆಂದು ಸಂಬಳದ ಚೀಟಿಯಲ್ಲಿ ಮೂಲವೇತನವನ್ನು ಎಂಟು ಸಾವಿರಕ್ಕೆ ಇಳಿಸಿ ಉಳಿದದ್ದನ್ನು ಬೇರೆ ಬೇರೆ ಭತ್ಯೆಗಳ ಹೆಸರಿನಲ್ಲಿ ತೋರಿಸುವ ಹಳೆಯ ಚಾಳಿ ಇಲ್ಲಿ ಮಾಲೀಕರಿಗೇ ತಿರುಗಿ ಹೊಡೆಯುತ್ತದೆ, ಎರಡು ಸಾವಿರದ ಜಾಗದಲ್ಲಿ ಸಾವಿರವೂ ಪೂರ್ತಿ ಬರುವುದಿಲ್ಲ.

ವಿಎಂಸಿ ನಡೆಸಬಲ್ಲ ಹುಡುಗರು ಬೇಕಾದರೆ ಬೆಳಗಾವಿಯಲ್ಲೇ ಇರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದವರನ್ನು ಕೇಳಿ. ಅಪ್ರೆಂಟಿಸ್ ಆಗಿ ತೆಗೆದುಕೊಂಡರೆ ಸ್ಟೈಪೆಂಡಿನ ಶೇ 25, ತಿಂಗಳಿಗೆ 1,500 ರೂಪಾಯಿವರೆಗೆ ಕೇಂದ್ರ ಭರಿಸುತ್ತದೆ, ಆದರೆ ಅಪ್ರೆಂಟಿಸರನ್ನು ಉದ್ಯೋಗಿಗಳ ಲೆಕ್ಕಕ್ಕೆ ಸೇರಿಸಬೇಡಿ. ರಾಜ್ಯದ ನೀತಿಗಳು ಸರೋಜಿನಿ ಮಹಿಷಿ ವರದಿಯ ಜಾಡಿನಲ್ಲಿ ಒಟ್ಟು ಹುದ್ದೆಗಳಲ್ಲಿ ಕನಿಷ್ಠ ಶೇ 70, ‘ಡಿ’ ಗುಂಪಿನಲ್ಲಿ ಶೇ 100 ಕನ್ನಡಿಗರಿಗೆ ಎಂಬ ಷರತ್ತನ್ನು ಪ್ರೋತ್ಸಾಹಧನಕ್ಕೆ ಜೋಡಿಸುತ್ತ ಬಂದಿವೆ. ಹಾಜರಿ ಪುಸ್ತಕದ ಜೊತೆಗೆ ಕೆಲಸಗಾರರ ವಾಸದ ದಾಖಲೆಗಳನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ದೊಡ್ಡವರಿಗೆ ಮಾತ್ರವೇ ಎಂಬ ತಮ್ಮ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. 14 ಕ್ಷೇತ್ರಗಳಿಗೆ 1.97 ಲಕ್ಷ ಕೋಟಿ ರೂಪಾಯಿ ಇಟ್ಟ ಉತ್ಪಾದನೆ ಆಧಾರಿತ ಪ್ರೋತ್ಸಾಹ ಯೋಜನೆಯ ಬಹುಪಾಲು ಹಣ ದೊಡ್ಡ ಹೂಡಿಕೆದಾರರಿಗೇ ಹೋಗುವಂತಿದೆ. ತಮ್ಮಂಥ ಶಾಪಿಗೆ ಅದರಿಂದ ಬರುವುದು ಸಬ್ಸಿಡಿಯಲ್ಲ, ಬಂದರೆ ಆರ್ಡರು. ಪ್ರೋತ್ಸಾಹಗಳಿಂದ ಕೈಗಾರಿಕೆ ಬೆಳೆಯುತ್ತದೆಯೇ ಎಂಬುದಕ್ಕೆ ಹಿಮಾಚಲದ ಬದ್ದಿ ಒಳ್ಳೆಯ ಉದಾಹರಣೆ. 2003ರಲ್ಲಿ ಹಿಮಾಚಲ ಮತ್ತು ಉತ್ತರಾಖಂಡಗಳಿಗೆ ಅಬಕಾರಿ ಸುಂಕದ ವಿನಾಯಿತಿ ಕೊಟ್ಟ ಮೇಲೆ ಅಲ್ಲಿ ಔಷಧ ಕಾರ್ಖಾನೆಗಳು ಸಾಲುಗಟ್ಟಿದವು. ಕೆಲಸಗಳು ಹುಟ್ಟಿದ್ದು ನಿಜ, ಕೆಲವು ಕಾರ್ಖಾನೆಗಳು ಬೇರೆ ರಾಜ್ಯಗಳಿಂದ ಎದ್ದು ಹೋದವು ಎಂಬುದೂ ನಿಜ. ಅಲ್ಲಿನ ಲಾಭ ಇಲ್ಲಿನ ನಷ್ಟವೂ ಆಗಿದ್ದಾಗ ದೇಶಕ್ಕೆ ಉಳಿದದ್ದೆಷ್ಟು ಎಂದು ಕೇಳುವ ಹಕ್ಕು ತೆರಿಗೆದಾರರಿಗಿದೆ. ತಮ್ಮ ಊರಿನಲ್ಲೇ ಸುಟ್ಟ ಶಾಪು ಮತ್ತೆ ಏಳುವುದಕ್ಕೆ ಈ ಆಕ್ಷೇಪ ತಟ್ಟುವುದಿಲ್ಲ. ಆದರೂ ಯೋಜನಾ ವರದಿಯಲ್ಲಿ ಸಹಾಯಧನದ ಸಾಲಿಗೆ ಸೊನ್ನೆ ಬರೆದು ಲೆಕ್ಕ ಹಾಕಿ ನೋಡಿ. ಸೊನ್ನೆಯಿದ್ದಾಗಲೂ ವಿಎಂಸಿಯ ಕಂತು ಕಟ್ಟಲಾಗುವಂತಿದ್ದರೆ ಮಾತ್ರ ಮುಂದುವರಿಯಿರಿ. ರಾಜ್ಯದ ಸಹಾಯಧನದಲ್ಲಿ ಮಂಜೂರಾತಿ ಪತ್ರ ಒಂದು ದಿನ ಬರುತ್ತದೆ, ಹಣ ಬಜೆಟ್ಟಿನ ಅನುಕೂಲ ನೋಡಿಕೊಂಡು ಇನ್ನೊಂದು ದಿನ ಬರುತ್ತದೆ. ಬ್ಯಾಂಕಿನ ಬಡ್ಡಿ ಆ ದಿನಕ್ಕಾಗಿ ಕಾಯುವುದಿಲ್ಲ.

ಗಿರಾಕಿಗಳ ಬಳಿಯಿರುವ 40 ಲಕ್ಷದ ಮೇಲೆ ಓವರ್‌ಡ್ರಾಫ್ಟ್ ಬಡ್ಡಿ ಶೇ 11 ಎಂದಿಟ್ಟುಕೊಂಡರೂ ವರ್ಷಕ್ಕೆ 4,40,000 ರೂಪಾಯಿ, ಎಂಟು ಜನರ ಮೇಲೆ ವರ್ಷಕ್ಕೆ ಬರುವ ಪ್ರೋತ್ಸಾಹಧನದ ಎರಡರಷ್ಟಕ್ಕೂ ಹೆಚ್ಚು. ಲಿಖಿತ ಕರಾರಿಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹಣ ಕೊಡಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅವಧಿ ಮೀರಿ ಕೊಡದೆ ಉಳಿಸಿಕೊಂಡ ಮೊತ್ತವನ್ನು, ನಿಜವಾಗಿ ಪಾವತಿಸುವವರೆಗೆ, ಖರೀದಿದಾರರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮ 2024ರಿಂದ ಬಂದಿರುವುದರಿಂದ, ಮಾರ್ಚ್ ಸಮೀಪಿಸಿದಂತೆ ಅವರ ಲೆಕ್ಕಪರಿಶೋಧಕರೇ ತಮ್ಮ ಪರವಾಗಿ ಒತ್ತಾಯಿಸುತ್ತಾರೆ. ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ನೋಂದಣಿ ಸಂಖ್ಯೆ ಅಚ್ಚು ಹಾಕಿಸಿ. ಹಳೆಯ ಗಿರಾಕಿಯ ಮೇಲೆ, ಬಾಕಿ ಹಣದ ದೂರುಗಳಿಗೆಂದೇ ಇರುವ ಸರ್ಕಾರದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಲು ಮನಸ್ಸಾಗುವುದಿಲ್ಲ ಎಂಬುದು ಗೊತ್ತಿದೆ. ವಹಿವಾಟು 250 ಕೋಟಿ ದಾಟಿದ ಕಂಪನಿಗಳು ಬಿಲ್ಲಿನ ಆಧಾರದ ಮೇಲೆ ಬ್ಯಾಂಕುಗಳಿಂದ ಬೇಗ ಹಣ ಕೊಡಿಸುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಗೆ ಸೇರುವುದು ಕಡ್ಡಾಯವಾಗಿರುವುದರಿಂದ, ಅಂಥ ಗಿರಾಕಿಯಿದ್ದರೆ ಅಲ್ಲಿ ಬಿಲ್ಲನ್ನು ಒಪ್ಪಿಕೊಳ್ಳಿ ಎಂದು ಕೇಳುವುದು ಜಗಳವಿಲ್ಲದ ದಾರಿ.

ಡೀಲರಿಗೆ ಈಗ ಅಡ್ವಾನ್ಸ್ ಕೊಡಬೇಡಿ. ಇದೇ ಬೆಲೆ ಮೂರು ತಿಂಗಳು ಊರ್ಜಿತವೆಂದು ಬರೆದ ಕೊಟೇಶನ್ ಕೇಳಿ. ತಯಾರಕರು ನೇರವಾಗಿ ಕೊಡದಿದ್ದರೆ ಇನ್ನಿಬ್ಬರಿಂದಲೂ ಕೊಟೇಶನ್ ತರಿಸಿ, ಬ್ಯಾಂಕಿಗೆ ಹೇಗೂ ಅವು ಬೇಕಾಗುತ್ತವೆ. ಎರಡು ಲಕ್ಷದ ರಿಯಾಯಿತಿ ಕೈತಪ್ಪಿದರೆ ತಪ್ಪಲಿ. ಜಿಲ್ಲಾ ಕೈಗಾರಿಕಾ ಕೇಂದ್ರದ ಅನುಮೋದನೆಯೂ ಬ್ಯಾಂಕಿನ ಮಂಜೂರಾತಿ ಪತ್ರವೂ ಕೈಗೆ ಬರುವ ಮೊದಲು ತಮ್ಮ ಖಾತೆಯಿಂದ ಆ ಯಂತ್ರಕ್ಕೆಂದು ಒಂದು ರೂಪಾಯಿಯೂ ಹೋಗಬಾರದು.